ಆನೆಯ ಹೊಟ್ಟೆಯೊಳಗಿನ ಹಲಸಿನಹಣ್ಣು

ನಾನು ಮೇಷ್ಟ್ರಾಗಿದ್ದ ಮೂವತ್ತೊಂದು ವರ್ಷಗಳಲ್ಲಿ ಎಷ್ಟು ಸ್ಲೇಟುಗಳನ್ನು ಒರೆಸಿದೆನೋ ಲೆಕ್ಕವಿಟ್ಟವನಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಒರೆಸಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಕಾರಣ ಚೆನ್ನೈಯ ಪ್ರಕಾಶಕರೊಬ್ಬರು ತಂದ ಒಂದು ಚಿತ್ರಪುಸ್ತಕ. ಅದನ್ನು ಬರೆದವರು, ಬಿಡಿಸಿದವರು ಎನ್ನುವುದೇ ಹೆಚ್ಚು ಸರಿ, ಮಧ್ಯಪ್ರದೇಶದ ಕಾಡುಸೀಮೆಯ ಒಬ್ಬ ಗೊಂಡ ಕಲಾವಿದರು. ಅವರ ಕಥೆಗೆ ಹೋಗುವ ಮೊದಲು ನಮ್ಮೂರಿನ ಕಥೆ ಸ್ವಲ್ಪ ಆಗಬೇಕು.

ಪಾಲಿಬೆಟ್ಟ ದಕ್ಷಿಣ ಕೊಡಗಿನ ಕಾಫಿ ಊರು. 1854ರಲ್ಲಿ ಫೌಲರ್ ಎಂಬ ಬಿಳಿಯ ದೊರೆ ಮಡಿಕೇರಿಯಲ್ಲಿ ಮೊದಲ ತೋಟ ಮಾಡಿದ ಮೇಲೆ ಒಬ್ಬೊಬ್ಬರಾಗಿ ಬಂದ ತೋಟದ ದೊರೆಗಳು ಕ್ರಮೇಣ ಮಳೆ ಕಡಿಮೆ ಹೊಡೆಯುವ, ಬಿದಿರು ದಟ್ಟವಾಗಿದ್ದ ಈ ಕಡೆಗೆ ಇಳಿದರು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟಗಳ ಸುತ್ತಿನ ನೆಲಕ್ಕೆಲ್ಲ ಅವರು ಇಟ್ಟ ಹೆಸರು ಬಿದಿರು ಸೀಮೆ. ಬಿದಿರು ಹೋಗಿ ಕಾಫಿ ಬಂದರೂ ಊರಿನ ಕ್ಲಬ್ಬಿಗೆ ಬ್ಯಾಂಬೂ ಕ್ಲಬ್ ಎಂಬ ಹೆಸರು ಉಳಿದುಕೊಂಡಿತು. ಕನ್ಸಾಲಿಡೇಟೆಡ್ ಕಾಫಿ ಎಂಬ ಕಂಪೆನಿ ಇಲ್ಲಿ ಬೇರೂರಿ, ಕೊನೆಗೆ ಟಾಟಾದವರ ಕೈಸೇರಿ, 2000ದಲ್ಲಿ ಟಾಟಾ ಕಾಫಿ ಆಯಿತು. ದೊರೆಗಳ ಬಂಗಲೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಬೇಕಾದಷ್ಟು ಬರೆದಿದ್ದಾರೆ. ಲೈನ್ ಮನೆಗಳ ಬಗ್ಗೆ ಬರೆದವರು ಕಡಿಮೆ.

ಲೈನ್ ಮನೆಗಳಲ್ಲಿ ತಮಿಳರಿದ್ದರು, ಮಲಯಾಳಿಗಳಿದ್ದರು, ತುಳುವರಿದ್ದರು. ಇತ್ತೀಚೆಗೆ ಅಸ್ಸಾಮಿನವರು, ಬಂಗಾಳದವರು ಬಂದಿದ್ದಾರೆ. ಎಲ್ಲರಿಗಿಂತ ಮೊದಲೇ ಈ ನೆಲದಲ್ಲಿದ್ದವರು ಯರವರು ಮತ್ತು ಕುರುಬರು. ಕುರುಬರೆಂದರೆ ಕುರಿ ಕಾಯುವವರಲ್ಲ, ಜೇನುಕುರುಬ, ಬೆಟ್ಟಕುರುಬರು. ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಇವರನ್ನೆಲ್ಲ ವಿವರಿಸಿದ್ದಾನೆ. ಯರವರು ಗದ್ದೆಯ ಒಡೆಯರಿಗೆ ಜೀತವಿದ್ದವರು. ವಯನಾಡಿನ ವಳ್ಳಿಯೂರುಕಾವು ಜಾತ್ರೆಯಲ್ಲಿ ದೇವಿಯ ಎದುರು ವರ್ಷದ ಕೂಲಿಗೆ ಇವರ ಬಂಧುಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ ಕಾಲವನ್ನು ಕಂಡವರು ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಬದುಕಿದ್ದರು. 1976ರಲ್ಲಿ ಜೀತ ನಿಷೇಧದ ಕಾನೂನು ಬಂತು. ಕಾನೂನು ಬಂದ ಮೇಲೆ ಗದ್ದೆಯಿಂದ ಎದ್ದವರು ಎಲ್ಲಿಗೆ ಹೋದರು? ಹಲವರು ತೋಟದ ಲೈನಿಗೆ ಬಂದರು. ಅವರ ಮಕ್ಕಳು ನನ್ನ ಶಾಲೆಗೆ ಬಂದರು.

ಬಂದವು, ಹೋದವು ಎನ್ನಬೇಕು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಹಾಜರಿ ಪುಸ್ತಕದಲ್ಲಿ ಸೊನ್ನೆಗಳ ಸಾಲು. ಅದು ಮಾರ್ಚಿನವರೆಗೂ ನಡೆಯುತ್ತಿತ್ತು. ಎಂಬತ್ತರ ದಶಕದ ನಡುವೆ ಒಂದು ವರ್ಷ ಒಂದನೇ ತರಗತಿಗೆ ಒಬ್ಬ ಯರವರ ಹುಡುಗಿ ಸೇರಿದಳು. ಅ ಅರಸ, ಆ ಆನೆ. ಅರಸನನ್ನು ಅವಳು ಎಂದೂ ಕಂಡವಳಲ್ಲ. ಆನೆಯನ್ನು ನನಗಿಂತ ಹೆಚ್ಚು ಕಂಡವಳು. ಸ್ಲೇಟಿನ ಮೇಲೆ ಆನೆ ಬರೆಯಿರಿ ಎಂದೆ. ಬೇರೆ ಮಕ್ಕಳು ಪಾಠಪುಸ್ತಕದ ಆನೆಯನ್ನೇ ಬರೆದರು. ಇವಳ ಆನೆಗೆ ಸೊಂಡಿಲಿಗಿಂತ ಹೊಟ್ಟೆ ಮುಖ್ಯವಾಗಿತ್ತು. ಹೊಟ್ಟೆಯೊಳಗೆ ಮುಳ್ಳುಮುಳ್ಳಾಗಿ ಏನೋ ಇತ್ತು.

“ಇದೇನು?” ಎಂದು ಕೇಳಿದೆ.

“ಚಕ್ಕೆಹಣ್ಣು, ಮೇಷ್ಟ್ರೇ. ನಿನ್ನೆ ರಾತ್ರಿ ನಮ್ಮ ಲೈನಿನ ಹಿಂದೆ ತಿಂದದ್ದು.”

“ಹೊಟ್ಟೆಯೊಳಗಿರುವುದು ಹೊರಗೆ ಕಾಣುತ್ತದೇನು?” ಎಂದು ಹೇಳಿ, ನನ್ನ ಬೆರಳಿನಿಂದಲೇ ಆ ಹಣ್ಣನ್ನು ಒರೆಸಿಬಿಟ್ಟೆ. ಗದರಲಿಲ್ಲ. ಆಗ ನಾನು ಒಳ್ಳೆಯ ಮೇಷ್ಟ್ರೆಂದೇ ಹೆಸರು ಮಾಡಿದ್ದವನು. ಆ ಹುಡುಗಿ ಸ್ಲೇಟನ್ನೂ ನನ್ನನ್ನೂ ನೋಡಿದಳು, ಮತ್ತೆ ಬರೆಯಲಿಲ್ಲ. ಕೊಯ್ಲಿಗೆ ಹೋದವಳು ಮರುವರ್ಷ ಬೇರೆ ತೋಟಕ್ಕೆ ಹೋದಳೆಂದು ತಿಳಿಯಿತು.

ಇಂಥದ್ದನ್ನು ಮೇಷ್ಟ್ರಾದವರು ಮರೆಯುತ್ತಾರೆ. ನಾನೂ ಮರೆತಿದ್ದೆ. ನಿವೃತ್ತನಾದ ಮೇಲೆ ಒಂದು ಬೇಸಿಗೆಯಲ್ಲಿ ನನ್ನ ತಂಗಿಯ ಮಗ ರಜೆಗೆ ಬಂದವನು ಮೊಮ್ಮಗಳಿಗೆಂದು ಒಂದು ಪುಸ್ತಕ ತಂದ. ಹೆಸರು ‘ದಿ ಲಂಡನ್ ಜಂಗಲ್ ಬುಕ್’. ಮುಖಪುಟದಲ್ಲಿ ಒಂದು ಕೋಳಿಹುಂಜ. ಆ ಹುಂಜದಲ್ಲಿಯೇ ಲಂಡನ್ನಿನ ಬಿಗ್ ಬೆನ್ ಗಡಿಯಾರ. ಒಳಗೆ ರೆಕ್ಕೆ ಬಂದ ಆನೆ ಹಾರುತ್ತಿತ್ತು. ಕಲಾವಿದರ ಹೆಸರು ಭಜ್ಜು ಶ್ಯಾಮ್.

ಅವರು ಹುಟ್ಟಿದ್ದು 1971ರಲ್ಲಿ, ನರ್ಮದೆಯ ಮೇಲ್ಭಾಗದ ಪಾಟನ್‌ಗಢವೆಂಬ ಹಳ್ಳಿಯಲ್ಲಿ. ಆಗ ಅದು ಮಂಡ್ಲಾ ಜಿಲ್ಲೆ, ಈಗ ದಿಂಡೋರಿ. ಅವರದು ಗೊಂಡರಲ್ಲಿ ಪರಧಾನರೆಂಬ ಪಂಗಡ. ಪರಧಾನರೆಂದರೆ ಗೊಂಡರ ವಂಶಾವಳಿ ಹಾಡುವವರು. ಬಾನಾ ಎಂಬ ಮೂರು ತಂತಿಯ ವಾದ್ಯ ಹಿಡಿದು ಒಡೆಯರ ಮನೆಮನೆಗೆ ಹೋಗುವುದು, ಪೂರ್ವಿಕರ ಹೆಸರನ್ನೂ ದೇವರ ಕಥೆಯನ್ನೂ ಹಾಡುವುದು, ಕೊಟ್ಟ ಕಾಳುಬಟ್ಟೆ ತೆಗೆದುಕೊಳ್ಳುವುದು. ನಮ್ಮ ಐನ್‌ಮನೆಗಳಲ್ಲಿ ದುಡಿ ಬಾರಿಸಿಕೊಂಡು ವಂಶದ ಹಾಡು ಹೇಳುವ ನಾಲ್ವರನ್ನು ನೆನೆದುಕೊಂಡರೆ ಓದುಗರಿಗೆ ಸುಮಾರಾಗಿ ಅಂದಾಜಾಗುತ್ತದೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಹಾಡುವವರು ಮನೆಯವರೇ, ಅಲ್ಲಿ ಹಾಡುವುದೇ ಒಂದು ಪಂಗಡದ ಜೀವನೋಪಾಯ. ಗೊಂಡರು ಬಡವರಾದಂತೆ ಹಾಡುವವರಿಗೆ ಕೊಡುವ ಕೈಗಳೂ ಬರಿದಾದವು. ಪರಧಾನರು ಕೂಲಿಗೆ ಇಳಿದರು.

ಈ ಪಾಟನ್‌ಗಢಕ್ಕೆ ಮೊದಲೇ ಪುಸ್ತಕದ ಸಂಬಂಧವಿತ್ತು. ವೆರಿಯರ್ ಎಲ್ವಿನ್ ನಲವತ್ತರ ದಶಕದಲ್ಲಿ ಅಲ್ಲಿ ನೆಲಸಿದ್ದ. ಅದಕ್ಕೂ ಮುಂಚೆ ಅದೇ ಸೀಮೆಯ ಕರಂಜಿಯಾದಲ್ಲಿದ್ದಾಗಿನ ದಿನಚರಿಯನ್ನು 1936ರಲ್ಲಿ ಪುಸ್ತಕ ಮಾಡಿದ್ದ. ಅವನ ಗೆಳೆಯ ಶಾಮರಾವ್ ಹಿವಾಳೆ ಪರಧಾನರ ಮೇಲೆಯೇ 1946ರಲ್ಲಿ ಒಂದು ದೊಡ್ಡ ಗ್ರಂಥ ತಂದ. ಇಬ್ಬರೂ ಆ ಜನರನ್ನು ಮನಸಾರೆ ಪ್ರೀತಿಸಿದವರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನೋಡುವವರು ಅವರು, ನೋಡಿಸಿಕೊಳ್ಳುವವರು ಇವರು. ಇನ್ನೂ ಹಿಂದಕ್ಕೆ ಹೋದರೆ ಕಿಪ್ಲಿಂಗ್. 1894ರ ‘ಜಂಗಲ್ ಬುಕ್’ ನಡೆಯುವುದು ಸಿಯೋನಿ ಬೆಟ್ಟಗಳಲ್ಲಿ, ಎಂದರೆ ಇದೇ ಗೊಂಡರ ನಾಡಿನಲ್ಲಿ. ಕಿಪ್ಲಿಂಗ್ ಅದನ್ನು ಬರೆದದ್ದು ಅಮೆರಿಕದ ವರ್ಮಾಂಟಿನಲ್ಲಿ ಕೂತು. ತೋಳಕ್ಕೂ ಕರಡಿಗೂ ಬಾಯಿ ಕೊಟ್ಟ ಆ ಮಹಾಶಯನ ಕಥೆಗಳಲ್ಲಿ ಗೊಂಡನೊಬ್ಬ ಬಂದರೆ ಅವನು ಕಾಡಂಚಿನ ಕುಳ್ಳ ಬೇಟೆಗಾರ. ಒಂದೆರಡು ಪುಟ ಕಾಣಿಸಿಕೊಂಡು ಮರೆಯಾಗುತ್ತಾನೆ.

ಭಜ್ಜು ಅವರ ತಾಯಿ ಹಬ್ಬಕ್ಕೆ ಮನೆಯ ಮಣ್ಣಿನ ಗೋಡೆಗೆ ಚಿತ್ತಾರ ಬರೆಯುತ್ತಿದ್ದರು. ಅಮ್ಮನ ಕೈ ಎಟುಕದ ಎತ್ತರದಲ್ಲಿ ಬರೆಯುವುದು ಹುಡುಗನ ಕೆಲಸ. ಅದೇ ಅವರ ಚಿತ್ರಶಾಲೆ. ಮನೆಯಲ್ಲಿ ಬಡತನ. ಹದಿನಾರರ ವಯಸ್ಸಿನಲ್ಲಿ ಅಮರಕಂಟಕಕ್ಕೆ ಗಿಡ ನೆಡುವ ಕೂಲಿಗೆ ಹೋದರು, ಅಲ್ಲಿಂದ ಭೋಪಾಲ. ಭೋಪಾಲದಲ್ಲಿ ರಾತ್ರಿಕಾವಲು ಕೆಲಸ, ಕರೆಂಟಿನ ಕೆಲಸ, ಸಿಕ್ಕಿದ್ದೆಲ್ಲ ಮಾಡಿದರು.

ಭೋಪಾಲದಲ್ಲಿ ಅವರ ಚಿಕ್ಕಪ್ಪ ಇದ್ದರು: ಜನ್‌ಗಢ್ ಸಿಂಗ್ ಶ್ಯಾಮ್. ಹೆಸರೇ ಒಂದು ಚರಿತ್ರೆ. ಜನಗಣತಿಯವರು ಊರಿಗೆ ಬಂದ ಹೊತ್ತಿನಲ್ಲಿ ಹುಟ್ಟಿದ ಮಗುವೆಂದು ಆ ಹೆಸರಿಟ್ಟರಂತೆ. ಸರ್ಕಾರ ಲೆಕ್ಕ ಹಾಕಲು ಬಂದಾಗ ಹುಟ್ಟಿದ ಈ ಹುಡುಗನನ್ನು 1981ರಲ್ಲಿ ಮತ್ತೊಂದು ಸರ್ಕಾರಿ ತಂಡ ಕಂಡುಹಿಡಿಯಿತು. ಭಾರತ ಭವನವನ್ನು ಕಟ್ಟುತ್ತಿದ್ದ ಕಲಾವಿದ ಜೆ. ಸ್ವಾಮಿನಾಥನ್ ಹಳ್ಳಿಹಳ್ಳಿಗೆ ಕಳಿಸಿದ ತಂಡದವರು ಪಾಟನ್‌ಗಢದ ಗೋಡೆಯ ಮೇಲಿನ ಚಿತ್ರ ನೋಡಿ, ಬರೆದವನನ್ನು ಭೋಪಾಲಕ್ಕೆ ಕರೆತಂದರು. ಗೋಡೆಯಿಂದ ಚಿತ್ರ ಕಾಗದಕ್ಕೆ ಇಳಿಯಿತು. ಮಣ್ಣಿನ ಬಣ್ಣದ ಜಾಗಕ್ಕೆ ಅಂಗಡಿಯ ಬಣ್ಣ ಬಂತು. ವಂಶದವರು ತಲೆತಲಾಂತರ ಬರೀ ಹಾಡಿಕೊಂಡು ಬಂದಿದ್ದ ದೇವರುಗಳಿಗೆ ಜನ್‌ಗಢ್ ಮೊದಲ ಬಾರಿ ಮೈಕೈ ಕೊಟ್ಟರು. ಚುಕ್ಕೆ, ಗೆರೆ, ಎಳೆಗಳಿಂದ ಮೈತುಂಬಿದ ಹುಲಿ, ಜಿಂಕೆ, ಹಕ್ಕಿಗಳು. 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಹೋದರು. ಊರಿನಿಂದ ಬಂದ ನೆಂಟರಿಷ್ಟರಿಗೆಲ್ಲ ಮನೆಯಲ್ಲಿ ಜಾಗ ಕೊಟ್ಟು ಕೆಲಸ ಕಲಿಸಿದರು. ಭಜ್ಜು ಕೂಡ 1993ರ ಹೊತ್ತಿಗೆ ಅಲ್ಲಿಗೆ ಸೇರಿ, ಚಿಕ್ಕಪ್ಪನ ಚಿತ್ರಗಳಿಗೆ ಒಳಗೆರೆ ತುಂಬುತ್ತ ಕೈ ಪಳಗಿಸಿಕೊಂಡರು. ಅಲ್ಲಿ ಪ್ರತಿಯೊಬ್ಬ ಕಲಾವಿದರ ಒಳಗೆರೆಯೂ ಬೇರೆ ಬೇರೆ. ರುಜು ಇಲ್ಲದಿದ್ದರೂ ಇದು ಯಾರ ಕೈಯೆಂದು ಊರವರು ಹೇಳಬಲ್ಲರು.

2001ರ ಜುಲೈಯಲ್ಲಿ ಜಪಾನಿನ ಒಂದು ಕಲಾ ಸಂಗ್ರಹಾಲಯಕ್ಕೆ ಕೆಲಸಕ್ಕೆಂದು ಹೋಗಿದ್ದ ಜನ್‌ಗಢ್ ಅಲ್ಲಿಯೇ ತಮ್ಮ ಜೀವ ತೆಗೆದುಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ಭಾಷೆ ಬಾರದ ಊರಿನಲ್ಲಿ ಒಬ್ಬಂಟಿಯಾಗಿ ಕೂತು ತನ್ನ ಕಾಡಿನ ಚಿತ್ರ ಬರೆದುಕೊಡುತ್ತಿದ್ದ ಮನುಷ್ಯನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಬರೆಯುವುದು ನನ್ನಿಂದಾಗದು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಭಜ್ಜು ಕೂಡ ಪರದೇಶಕ್ಕೆ ಹೋದರು. ಲಂಡನ್ನಿನ ಒಂದು ಭಾರತೀಯ ಹೋಟೆಲಿನ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ; ಎರಡು ತಿಂಗಳು. ಚಿಕ್ಕಪ್ಪನಂತೆಯೇ ಇವರಿಗೂ ಭಾಷೆ ಬಾರದು. ಹೋಟೆಲಿಗೆ ಬಂದವರು ಗೋಡೆ ನೋಡಿ ಭಾರತದ ಕಾಡು ಎಷ್ಟು ಚಂದ ಎಂದುಕೊಂಡಿರಬೇಕು. ಗೋಡೆಗೆ ಬರೆಯುತ್ತಿದ್ದ ಮನುಷ್ಯ ತಮ್ಮನ್ನು ನೋಡುತ್ತಿದ್ದಾನೆಂದು ಅವರಿಗೆ ಹೊಳೆದಿರಲಾರದು. ಊರಿಗೆ ಮರಳಿದ ಮೇಲೆ ಭಜ್ಜು ಹೇಳಿದ ಅನುಭವಗಳನ್ನು ಕೇಳಿ, ಚೆನ್ನೈಯ ತಾರಾ ಬುಕ್ಸ್ ಪ್ರಕಾಶನದ ಗೀತಾ ವುಲ್ಫ್ ಮತ್ತು ಸಿರೀಶ್ ರಾವ್ ಅದನ್ನು ಪುಸ್ತಕ ಮಾಡೋಣವೆಂದರು. 2004ರಲ್ಲಿ ‘ಲಂಡನ್ ಜಂಗಲ್ ಬುಕ್’ ಬಂತು.

ಪುಸ್ತಕದ ಸೊಗಸು ಅದರ ಸಹಜತೆಯಲ್ಲಿದೆ. ವಿಮಾನವೆಂದರೆ ಆನೆ ಹಾರಿದಂತೆ. ಅಷ್ಟು ಭಾರದ್ದು ಮೇಲೇಳುವುದು ಅದೇ ತಾನೆ ವಿಚಿತ್ರ? ಗೊಂಡರಿಗೆ ಹೊತ್ತು ತಿಳಿಸುವುದು ಹುಂಜ, ಲಂಡನ್ನಿಗೆ ಬಿಗ್ ಬೆನ್, ಎರಡನ್ನೂ ಸೇರಿಸಿಬಿಟ್ಟರು. ದಿನಾ ಕೆಲಸಕ್ಕೆ ಕರೆದೊಯ್ದು ಮರಳಿ ಬಿಡುತ್ತಿದ್ದ ಮೂವತ್ತನೇ ನಂಬರಿನ ಕೆಂಪು ಬಸ್ಸು ನಂಬಿಗಸ್ತ ನಾಯಿ. ಹಗಲೆಲ್ಲ ಕಾಣದೆ ಸಂಜೆಯಾದೊಡನೆ ಹೆಂಡದಂಗಡಿಗಳಿಗೆ ಮುತ್ತುವ ಇಂಗ್ಲಿಷರು ಬಾವಲಿಗಳು. ನೆಲದಡಿಯ ರೈಲು ಎರೆಹುಳು. ಇದನ್ನು ಬರೀ ಆಕಾರದ ಹೋಲಿಕೆಯೆಂದು ತಿಳಿದರೆ ತಪ್ಪು. ಪರಧಾನರ ಸೃಷ್ಟಿಕಥೆಯಲ್ಲಿ ಬಡಾದೇವ ಮಣ್ಣು ಹುಡುಕಲು ಕಾಗೆಯನ್ನು ಕಳಿಸುತ್ತಾನೆ. ಮಣ್ಣೆಲ್ಲ ಎರೆಹುಳುವಿನ ಹೊಟ್ಟೆಯಲ್ಲಿ. ಏಡಿ ಅದರ ಕುತ್ತಿಗೆ ಅದುಮಿ ಕಕ್ಕಿಸಿದ ಮೇಲೆಯೇ ಭೂಮಿ ಆದದ್ದು. ಇಡೀ ಭೂಮಿಯನ್ನೇ ನುಂಗಿ ಇಟ್ಟುಕೊಂಡಿದ್ದ ಹುಳು, ಲಂಡನ್ನಿನ ಕೆಳಗೆ ಜನರನ್ನು ನುಂಗಿ ಕಕ್ಕುತ್ತದೆಂದರೆ ಗೊಂಡರ ಮಗುವಿಗೆ ಯಾವ ಟಿಪ್ಪಣಿಯೂ ಬೇಡ.

ಹೊಟ್ಟೆಯ ಮಾತು ಬಂದಲ್ಲಿ ನನಗೆ ಸ್ಲೇಟು ನೆನಪಾಯಿತು. ಆಮೇಲೆ ಹುಡುಕಿಕೊಂಡು ನೋಡಿದ ಗೊಂಡ ಚಿತ್ರಗಳಲ್ಲಿ ಬಸುರಿ ಜಿಂಕೆಯ ಹೊಟ್ಟೆಯೊಳಗೆ ಮರಿ ಕಾಣುತ್ತದೆ. ಇದೆ ಎಂದು ಗೊತ್ತಿರುವುದನ್ನು ಬರೆಯುತ್ತಾರೆ. ಹೊರಗೆ ಕಾಣುತ್ತದೋ ಇಲ್ಲವೋ ಎಂಬ ತಕರಾರು ಅವರಿಗಿಲ್ಲ. ಪ್ಯಾರಿಸ್ಸಿನಲ್ಲಿ ಅದು ಕಲೆ. ಪಾಲಿಬೆಟ್ಟದ ಒಂದನೇ ತರಗತಿಯಲ್ಲಿ ನಾನು ಬೆರಳಿನಿಂದ ಒರೆಸಿದೆ.

ಈ ಪುಸ್ತಕದ ಬಗ್ಗೆ ನನಗೊಂದು ಅಸಮಾಧಾನವೂ ಇದೆ. ಭಜ್ಜು ಹೇಳಿದ್ದು ಹಿಂದಿಯಲ್ಲಿ. ನಾವು ಓದುವುದು ಬೇರೆಯವರು ಬರೆದ ಇಂಗ್ಲಿಷ್. ಪ್ರಕಾಶಕರು ಅದನ್ನು ಮರೆಮಾಚಿಲ್ಲ, ಹೆಸರು ಹಾಕಿದ್ದಾರೆ. ಆದರೂ ಚಿತ್ರದಲ್ಲಿ ಮನುಷ್ಯನೇ ಎದುರು ನಿಂತಂತಿದೆ, ಮಾತಿನಲ್ಲಿ ನಡುವೆ ಒಂದು ತೆರೆಯಿದೆ. ಪಾಟನ್‌ಗಢದ ಮಕ್ಕಳು ಈ ಪುಸ್ತಕವನ್ನು ಓದುವುದು ಹೇಗೆ? ದುಡ್ಡಿನ ಮಾತು ಬೇರೆ. 2006ರಲ್ಲಿ ಭಜ್ಜು, ದುರ್ಗಾಬಾಯಿ, ರಾಮಸಿಂಗ್ ಉರ್ವೇತಿ ಮೂವರೂ ಸೇರಿ ಮಾಡಿದ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಕಪ್ಪು ಕಾಗದದ ಮೇಲೆ ಕೈಯಿಂದ ಒತ್ತಿದ ಪುಸ್ತಕ. ಪುಟ ತೆರೆದರೆ ಶಾಯಿಯ ವಾಸನೆ ಬರುತ್ತದೆ; 2008ರಲ್ಲಿ ಅದಕ್ಕೆ ಬೊಲೋನ್ಯಾದ ಮಕ್ಕಳ ಪುಸ್ತಕ ಮೇಳದಲ್ಲಿ ಬಹುಮಾನ ಬಂತು. ಅಂಥದ್ದನ್ನು ಲೈನ್ ಮನೆಯವರು ಕೊಳ್ಳಲಾರರು. ಮೇಷ್ಟ್ರ ಪಿಂಚಣಿಗೂ ಅದು ಸ್ವಲ್ಪ ಭಾರವೇ. ಭಜ್ಜು ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಶಾಲೆಗೇ ಹೋಗದ ದುರ್ಗಾಬಾಯಿಯವರಿಗೆ 2022ರಲ್ಲಿ ಬಂತು. ಈಕೆ ಗಂಡ ಸುಭಾಷ್ ವ್ಯಾಮ್ ಅವರೊಡನೆ ಅಂಬೇಡ್ಕರರ ಬದುಕನ್ನು ‘ಭೀಮಾಯಣ’ವೆಂಬ ಚಿತ್ರಕಥೆಯಾಗಿ 2011ರಲ್ಲಿ ತಂದರು. ಅದರಲ್ಲಿ ಒಳ್ಳೆಯ ಮಾತಿಗೆ ಹಕ್ಕಿಯ ಆಕಾರದ ಗುಳ್ಳೆ, ಕುಟುಕುವ ಮಾತಿಗೆ ಚೇಳಿನ ಕೊಂಡಿ. ನನ್ನ ಆ ದಿನದ ಪ್ರಶ್ನೆಗೆ ಯಾವ ಗುಳ್ಳೆ ಹಾಕುತ್ತಿದ್ದರೋ!

ಕೊಡಗಿಗೆ ಮಕ್ಕಳ ಸಾಹಿತ್ಯ ಹೊಸದಲ್ಲ. ಪಂಜೆ ಮಂಗೇಶರಾಯರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರ ಹುತ್ತರಿ ಹಾಡನ್ನು ಬಾಯಿಪಾಠ ಮಾಡದ ಕೊಡಗಿನ ಮಗುವಿಲ್ಲ. ಪಾಲಂಗಾಲದಲ್ಲಿ ಹುಟ್ಟಿದ ಕಾವೇರಿ ನಂಬೀಸನ್, ಶಸ್ತ್ರವೈದ್ಯೆ, ದೊಡ್ಡವರ ಕಾದಂಬರಿಗಳಿಗೆ ಮುಂಚೆ ಎಂಬತ್ತರ ದಶಕದಲ್ಲಿ ಇಂಗ್ಲಿಷಿನಲ್ಲಿ ಮಕ್ಕಳ ಕಥೆಗಳನ್ನು ಬರೆದರು. ಪಂಜೆಯವರು ಹೊರಗಿನಿಂದ ಬಂದು ಕೊಡಗನ್ನು ಹಾಡಿದರು, ಇವರು ಇಲ್ಲಿಯವರಾಗಿಯೇ ಬರೆದರು. ಲೈನ್ ಮನೆಯಿಂದ ಬಂದ ಮಕ್ಕಳ ಪುಸ್ತಕವನ್ನು ಮಾತ್ರ ನಾನು ನನ್ನ ಶಾಲೆಯ ಕಪಾಟಿನಲ್ಲಿ ಒಂದು ದಿನವೂ ಕಾಣಲಿಲ್ಲ. ಗಡಿಯಾಚೆ ವಯನಾಡಿನಲ್ಲಿ ರಾವುಳರು, ಎಂದರೆ ನಮ್ಮ ಯರವರ ಬಳಗದವರೇ, ತಮ್ಮ ನುಡಿಯಲ್ಲಿ ಕವಿತೆ ಬರೆಯುತ್ತಿದ್ದಾರೆ. ಸುಕುಮಾರನ್ ಚಾಲಿಗದ್ದ ಅವರಲ್ಲಿ ಹೆಸರಾದವರು.

ಒಡೆಯನನ್ನು ತಿರುಗಿ ನೋಡುವ ಕಲೆ ಇವರಿಗೆ ಇಲ್ಲವೆಂದಲ್ಲ. ಮೇ ತಿಂಗಳ ಕೊನೆಗೆ ತಿತಿಮತಿ ಬಳಿಯ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬ ನೋಡಿದವರಿಗೆ ಇದು ಗೊತ್ತು. ಜೇನುಕುರುಬರೂ ಯರವರೂ ಹೆಣ್ಣುವೇಷ, ಹರಿದ ಕೋಟು, ಹ್ಯಾಟು, ಸಿಕ್ಕಿದ್ದನ್ನು ತೊಟ್ಟು, ಡಬ್ಬ ಬಡಿಯುತ್ತ ಗೋಣಿಕೊಪ್ಪದ ಬೀದಿಗೆ ಇಳಿಯುತ್ತಾರೆ. ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ ತಮ್ಮನ್ನು ನಡುಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಓಡಿಹೋದನೆಂದು ಅವರ ಸಿಟ್ಟು. ಆದ್ದರಿಂದ ಆ ದಿನ ದೇವರಿಗೂ ಬೈಗುಳ, ತೋಟದ ಸಾಹುಕಾರರಿಗೂ ಬೈಗುಳ, ದಾರಿಯಲ್ಲಿ ಸಿಕ್ಕ ಮೇಷ್ಟ್ರಿಗೂ ಬೈಗುಳ. ನನಗೆ ಒಂದು ಸಲ ಹತ್ತು ರೂಪಾಯಿ ಕೊಟ್ಟ ಮೇಲೂ ಬಿತ್ತು. ಭಜ್ಜು ಲಂಡನ್ನಿನವರನ್ನು ಬಾವಲಿ ಮಾಡಿದ್ದು ಇದರ ಮುಂದೆ ಬಹಳ ಮೃದು. ಪತ್ರಿಕೆಯವರು ಪ್ರತಿವರ್ಷ ವೇಷದ ಫೋಟೋ ಹಾಕುತ್ತಾರೆ. ಬೈಗುಳವನ್ನು ಯಾರೂ ಬರೆದುಕೊಳ್ಳುವುದಿಲ್ಲ.

2016ರ ಡಿಸೆಂಬರಿನಲ್ಲಿ ಇಲ್ಲಿಗೆ ದೂರವಲ್ಲದ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕಿತ್ತುಹಾಕಿದರು. ಲೈನ್ ಮನೆ ಬಿಟ್ಟು ಸ್ವಂತಕ್ಕೆ ಗೇಣು ಜಾಗ ಬೇಕೆಂದು ಅಲ್ಲಿ ಬಂದು ಕೂತವರೇ ಅವರಲ್ಲಿ ಹಲವರು. ಆಮೇಲೆ ಅವರನ್ನು ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಕಳಿಸಿದರು. ಆ ದಿನಗಳಲ್ಲಿ ನಾನೂ ಒಮ್ಮೆ ಹೋಗಿ ನಿಂತು ನೋಡಿ ಬಂದೆ. ಮಕ್ಕಳು ಮಣ್ಣಿನಲ್ಲಿ ಕಡ್ಡಿಯಿಂದ ಏನೋ ಗೀಚುತ್ತಿದ್ದವು. ನಮ್ಮ ಹುಡುಗಿಯ ಮಕ್ಕಳೂ ಅವರಲ್ಲಿ ಇರಬಹುದೇ ಎಂದುಕೊಂಡೆ. ಕೇಳುವುದಕ್ಕೆ ಅವಳ ಹೆಸರೇ ನನಗೆ ನೆನಪಿರಲಿಲ್ಲ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಪರಿಚಯದ ಲೈನಿಗೆ ಹೋದೆ. ಜಗಲಿಯ ಮೇಲೆ ಏಳೆಂಟು ಮಕ್ಕಳು ಕೂಡಿದವು. ಇಂಗ್ಲಿಷ್ ಓದುವ ಗೋಜಿಗೆ ಹೋಗದೆ ಪುಟ ತೆರೆಯುತ್ತ ನನಗೆ ತಿಳಿದಂತೆ ಹೇಳಿದೆ. ಬಸ್ಸಿನ ನಾಯಿ ಬಂತು. ಒಬ್ಬ ಹುಡುಗ ಒಪ್ಪಲಿಲ್ಲ.

“ಅದು ಆ ಊರಿನ ಬಸ್ಸು, ಸಾರ್. ವಿರಾಜಪೇಟೆ ಬಸ್ಸು ಕಾಡುಹಂದಿ. ಕೈ ತೋರಿಸಿದರೂ ನಿಲ್ಲುವುದಿಲ್ಲ.”

ಹಾರುವ ಆನೆಯ ಪುಟವನ್ನು ಒಬ್ಬಳು ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ತೋಟದಂಚಿನ ಕಂದಕದ ಕಡೆ ಕೈ ತೋರಿಸಿ, “ಆನೆಗೆ ಹಾರಲು ಬರುವುದಾದರೆ ಇವರು ಟ್ರೆಂಚು ಯಾಕೆ ತೋಡಿಸಿದ್ದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಜೇಬಿನಲ್ಲಿದ್ದ ಪೆನ್ನು ಕೇಳಿದಳು, ಕೊಟ್ಟೆ. ಕಾಗದ ತಂದಿರಲಿಲ್ಲ, ಕರೆಂಟು ಬಿಲ್ಲು ಸಿಕ್ಕಿತು, ಅದರ ಹಿಂಬದಿ ಖಾಲಿಯಿತ್ತು. ಅವಳು ಬರೆಯುತ್ತಿರುವಾಗ ಇದೇನು ಎಂದು ನಾನು ಕೇಳಲಿಲ್ಲ.